ಮೊದಲ ಟ್ರ್ಯಾಕಿಗೆ ಯಾವ ಗಾಡಿ

ರೇಸ್ ಟ್ರ್ಯಾಕಿನಲ್ಲಿ ಒಮ್ಮೆಯಾದರೂ ಗಾಡಿ ಓಡಿಸಬೇಕೆಂಬ ಆಸೆ ಇದ್ದ ಬೆಂಗಳೂರಿನವರು 2018ರಲ್ಲಿ ಎರಡರಲ್ಲಿ ಒಂದು ದಾರಿ ಹಿಡಿಯಬೇಕಿತ್ತು. ಒಂದು, ಚೆನ್ನೈ ಹೆದ್ದಾರಿಯ ಇರುಂಗಾಟ್ಟುಕೋಟೈ. ಅಲ್ಲಿ 1990ರಿಂದ 3.7 ಕಿಲೋಮೀಟರಿನ ಟ್ರ್ಯಾಕು ಇದೆ. ಇನ್ನೊಂದು, ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳ್ಯಂನಲ್ಲಿ 2003ರಲ್ಲಿ ಶುರುವಾದ ಕರಿ ಮೋಟಾರ್ ಸ್ಪೀಡ್‌ವೇ. ಅದರ ಸುತ್ತು 2.1 ಕಿಲೋಮೀಟರ್, ತಿರುವುಗಳು ಒತ್ತೊತ್ತು. ಇಷ್ಟೊಂದು ರ‍್ಯಾಲಿ ಚಾಲಕರನ್ನೂ ರೇಸ್ ಮೆಕ್ಯಾನಿಕ್‌ಗಳನ್ನೂ ಬೆಳೆಸಿದ ನಮ್ಮ ಊರಿಗೆ ತನ್ನದೇ ಒಂದು ಪೂರ್ಣ ಟ್ರ್ಯಾಕು ಇಲ್ಲದಿರುವುದು ನನಗೆ ಇವತ್ತಿಗೂ ಸಂಕಟದ ಸಂಗತಿ. ಅದರ ಮಾತು ಇಲ್ಲಿ ಬೇಡ.

2018ರಲ್ಲಿ ನಾವು ನಾಲ್ಕೈದು ಗೆಳೆಯರು ಕರಿಗೆ ಹೋಗುವುದೆಂದು ನಿಶ್ಚಯ ಮಾಡಿದೆವು. ಡ್ರೈವಿಂಗ್ ಕಲಿಸುವವರೊಬ್ಬರು ಶನಿವಾರ, ಭಾನುವಾರ ಟ್ರ್ಯಾಕನ್ನು ಬಾಡಿಗೆಗೆ ಹಿಡಿದಿದ್ದರು. ಅದು ರೇಸಲ್ಲ. ಪಕ್ಕದಲ್ಲಿ ಒಬ್ಬ ಅನುಭವಿ ಕೂತು, ಬ್ರೇಕ್ ಎಲ್ಲಿ ಒತ್ತಬೇಕು, ಸ್ಟೇರಿಂಗ್ ಯಾವಾಗ ತಿರುಗಿಸಬೇಕು ಎಂದು ಹೇಳಿಕೊಡುವ ತರಬೇತಿ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಉದ್ದ ತೋಳಿನ ಹತ್ತಿ ಅಂಗಿ, ಅಡಿ ತೆಳುವಿರುವ ಶೂ ತರಬೇಕೆಂದು ಪಟ್ಟಿ ಕಳಿಸಿದ್ದರು. ಗಾಡಿಯ ವಿಷಯದಲ್ಲಿ ಮಾತ್ರ ಒಂದೇ ಸಾಲು: ನಿಮ್ಮದೇ ತನ್ನಿ, ಸುಸ್ಥಿತಿಯಲ್ಲಿರಲಿ.

ಆ ಸಾಲು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ನನ್ನ ಕೈಗೆ ಸಿಗಬಹುದಾದ ಗಾಡಿಗಳು ಮೂರಿದ್ದವು, ಮೂರಕ್ಕೂ ಬೇರೆಬೇರೆ ಎಳೆತ.

ಮೊದಲನೆಯದು ಭಾವನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ. ಹಿಂದಿನ ವರ್ಷವಷ್ಟೇ ಬಂದಿದ್ದ ಗಾಡಿ. ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದಾಗ ವಿಷಯ ತಿಳಿದ ಭಾವ, ಕೀಲಿಯನ್ನು ನನ್ನ ಎಲೆಯ ಪಕ್ಕದಲ್ಲೇ ತಂದಿಟ್ಟರು. "ಸಿಲ್ಕ್ ಬೋರ್ಡ್ ದಾಟೋಕೇ ಇದನ್ನ ತಗೊಂಡಂಗಾಗಿದೆ ಕಣೋ. ಒಂದ್ಸಲನಾದ್ರೂ ಬಿಚ್ಚಿ ಓಡಿಸ್ಕೊಂಡು ಬಾ." ಅವರು ಮನಸಾರೆ ಹೇಳಿದ ಮಾತು. ಅಷ್ಟು ದೊಡ್ಡ ಮನಸ್ಸು ಮಾಡುವ ಭಾವಂದಿರು ಎಷ್ಟು ಜನರಿಗೆ ಸಿಗುತ್ತಾರೆ?

ಎರಡನೆಯದು ಮೈಸೂರಿನಲ್ಲಿ ಅಪ್ಪನ ಬಳಿ ಇದ್ದ ಮಾರುತಿ ಎಸ್ಟೀಮ್. ಅಪ್ಪ ಶೋರೂಮಿನಿಂದ ಹೊಸದಾಗಿ ಕೊಂಡ ಮೊದಲ ಕಾರು ಅದು. 1.3 ಲೀಟರ್, 85 ಅಶ್ವಶಕ್ತಿ, ತೂಕ 900 ಕಿಲೋದ ಒಳಗೆ. ತೊಂಬತ್ತರ ದಶಕದಲ್ಲೂ ಆಮೇಲೂ ನಮ್ಮ ದೇಶದ ಟ್ರ್ಯಾಕುಗಳಲ್ಲಿ, ರ‍್ಯಾಲಿಗಳಲ್ಲಿ ಎಸ್ಟೀಮ್‌ಗೆ ಇದ್ದ ಮರ್ಯಾದೆ ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಮದುವೆ ಮನೆ ಮುಂದೆ ನಿಲ್ಲುತ್ತಿದ್ದ ಅದೇ ಬಿಳಿ ಸೆಡಾನು, ಒಳಗೆ ರೋಲ್ ಕೇಜ್ ಹಾಕಿಸಿಕೊಂಡು, ಬಾಗಿಲ ಮೇಲೆ ಅಂಕಿ ಬರೆಸಿಕೊಂಡು ರೇಸ್ ಗೆಲ್ಲುತ್ತಿತ್ತು.

ಮೂರನೆಯದು ನಮ್ಮ ಮನೆಯ ಸ್ವಿಫ್ಟ್. 2012ರ ಪೆಟ್ರೋಲ್ ಗಾಡಿ, 1.2 ಲೀಟರ್. ಶಕ್ತಿ ಹೆಚ್ಚುಕಡಿಮೆ ಅಪ್ಪನ ಎಸ್ಟೀಮ್‌ನಷ್ಟೇ. ವಾರಪೂರ್ತಿ ಅದನ್ನು ಓಡಿಸುತ್ತಿದ್ದದ್ದು ನನ್ನ ಹೆಂಡತಿ. "ಯಾವುದನ್ನಾದ್ರೂ ತಗೊಂಡು ಹೋಗಿ, ಆದ್ರೆ ಸೋಮವಾರ ಬೆಳಿಗ್ಗೆ ನನಗೆ ಆಫೀಸಿಗೆ ಗಾಡಿ ಬೇಕು" ಎಂದಷ್ಟೇ ಹೇಳಿದಳು. ಆಮೇಲೆ ಯೋಚಿಸಿದರೆ, ಇಡೀ ಚರ್ಚೆಯಲ್ಲಿ ಅತ್ಯಂತ ತೂಕದ ಮಾತು ಅದೇ. ರೇಸಿನವರು ತಮ್ಮ ಗಾಡಿಯನ್ನು ಲಾರಿಯ ಮೇಲೆ ಹೇರಿಕೊಂಡು ಬರುತ್ತಾರೆ. ಕೆಟ್ಟರೆ ಹಾಗೇ ಹೇರಿಕೊಂಡು ಹೋಗುತ್ತಾರೆ. ನಮ್ಮಂಥವರು ಸುಮಾರು 360 ಕಿಲೋಮೀಟರ್ ಓಡಿಸಿಕೊಂಡು ಹೋಗಿ, ಟ್ರ್ಯಾಕಿನಲ್ಲಿ ದುಡಿಸಿ, ಅದೇ ಗಾಡಿಯಲ್ಲಿ ಅದೇ ಬ್ರೇಕಿನಲ್ಲಿ ಮನೆಗೆ ಬರಬೇಕು.

ಆಕ್ಟೇವಿಯಾದ ಆಸೆಯನ್ನು ಬಿಡುವುದು ಸುಲಭವಾಗಿರಲಿಲ್ಲ. ಒಂದು ಭಾನುವಾರ ನಸುಕಿನಲ್ಲಿ ಭಾವನ ಜೊತೆ ಅದನ್ನು ಕನಕಪುರ ರಸ್ತೆಯಲ್ಲಿ ಓಡಿಸಿ ನೋಡಿದೆ. ಅದ್ಭುತ ಗಾಡಿ. ಆಕ್ಸಿಲರೇಟರ್ ಮೇಲೆ ಸ್ವಲ್ಪ ಕಾಲಿಟ್ಟರೂ ಬೆನ್ನು ಸೀಟಿಗೆ ಅಂಟುತ್ತಿತ್ತು. ಆದರೆ ವಾಪಸ್ ಬಂದು ಇಳಿದಾಗ ನನಗೆ ನೆನಪಿದ್ದದ್ದು ಗಾಡಿಯ ಓಟವಲ್ಲ, ದಾರಿಯ ಹಂಪುಗಳು, ಹತ್ತಿರ ಸುಳಿದ ಬೈಕುಗಳು, ಅಲಾಯ್ ಚಕ್ರಕ್ಕೆ ತಾಗಬಹುದಾಗಿದ್ದ ಕಲ್ಲಿನ ಅಂಚುಗಳು. ಮದುವೆಗೆಂದು ಯಾರಿಂದಲೋ ಕೇಳಿ ತಂದ ಒಡವೆ ಹಾಕಿಕೊಂಡವರ ಕೈ ಗಳಿಗೆಗೊಮ್ಮೆ ಕತ್ತಿಗೆ ಹೋಗುವಂತೆ, ನನ್ನ ಗಮನವೆಲ್ಲ ಗಾಡಿಯನ್ನು ಕಾಯುವುದರಲ್ಲೇ ಕಳೆದಿತ್ತು. ಭಾವ ಒಂದು ಮಾತೂ ಆಡಿರಲಿಲ್ಲ. ಆಡದಿದ್ದುದರಿಂದಲೇ ಇನ್ನಷ್ಟು ಭಾರ.

ಮನುಷ್ಯನಿಗೆ ಗಮನ ಇರುವುದು ಇಷ್ಟೇ ಇಷ್ಟು. ಟ್ರ್ಯಾಕಿಗೆ ಮೊದಲ ಸಲ ಇಳಿದವನ ಕಣ್ಣು ಬ್ರೇಕಿಂಗ್ ಗುರುತು ಹುಡುಕಬೇಕು, ಕಿವಿ ಟೈರಿನ ಸದ್ದು ಕೇಳಬೇಕು, ಕಾಲು ಪೆಡಲಿನ ಒತ್ತಡ ಅಳೆಯಬೇಕು; ಬಾವುಟ ಹಿಡಿದ ಮಾರ್ಷಲ್, ಹಿಂದಿನಿಂದ ಬರುವ ಗಾಡಿ, ಪಕ್ಕದಲ್ಲಿ ಕೂತವರ ಸೂಚನೆ ಎಲ್ಲವೂ ಒಟ್ಟಿಗೆ. ಇದರಲ್ಲಿ ಅರ್ಧವನ್ನು 'ಭಾವನಿಗೆ ಏನು ಹೇಳಲಿ' ಎಂಬ ಚಿಂತೆ ತಿಂದರೆ ಕಲಿಯಲು ಉಳಿಯುವುದೇನು? ಚಿಂತೆಯೂ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಮೋಟಾರು ವಿಮೆಯ ಪಾಲಿಸಿಯನ್ನು ತೆಗೆದು ಓದಿ: ಸಂಘಟಿತ ರೇಸಿಗೆ, ವೇಗ ಪರೀಕ್ಷೆಗೆ ಗಾಡಿ ಬಳಸಿದರೆ ರಕ್ಷಣೆ ಇಲ್ಲವೆಂದು ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಟ್ರ್ಯಾಕಿನಲ್ಲಿ ಬೇಲಿಗೆ ತಾಗಿದರೆ ಖರ್ಚು ನಮ್ಮ ಜೇಬಿನದು ಎಂದುಕೊಂಡೇ ಹೊರಡಬೇಕು. ಇಪ್ಪತ್ತೈದು ಲಕ್ಷದ ಆಸುಪಾಸಿನ ಗಾಡಿಯಲ್ಲಿ ಹಾಗೆ ಅಂದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಬ್ರೇಕಿನ ಲೆಕ್ಕವೂ ಇತ್ತು. ಓಡುವ ಗಾಡಿಯ ವೇಗವನ್ನೆಲ್ಲ ಬ್ರೇಕು ಶಾಖ ಮಾಡಿ ಕಳೆಯುತ್ತದೆ. ತೂಕ ಎರಡರಷ್ಟಾದರೆ ಶಾಖವೂ ಎರಡರಷ್ಟು. ವೇಗ ಎರಡರಷ್ಟಾದರೆ ನಾಲ್ಕರಷ್ಟು. ಚಾಲಕನೂ ಸೇರಿ 1050 ಕಿಲೋ ತೂಗುವ ಸ್ವಿಫ್ಟ್ ಗಂಟೆಗೆ 120 ಕಿಲೋಮೀಟರಿನಿಂದ 60ಕ್ಕೆ ಇಳಿಯುವಾಗ ಹುಟ್ಟುವ ಶಾಖಕ್ಕಿಂತ, 1500 ಕಿಲೋದ ಗಾಡಿ 140ರಿಂದ 60ಕ್ಕೆ ಇಳಿಯುವಾಗ ಹುಟ್ಟುವುದು ಎರಡು ಪಟ್ಟಿಗೂ ಹೆಚ್ಚು. ಕಾಗದದ ಮೇಲೆ ಬರೆದು ನೋಡಿದ್ದೆ. ಶಕ್ತಿಯ ಗಾಡಿಗೆ ಡಿಸ್ಕೂ ದೊಡ್ಡದೇ ಇರುತ್ತದೆ, ನಿಜ. ಆದರೆ ಕಂಪನಿಯವರು ಕೊಡುವ ಪ್ಯಾಡು ರಸ್ತೆಗೆಂದು ಮಾಡಿದ್ದು. ಅಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿದರೆ ಮುಂದಿನದಕ್ಕೆ ಎಷ್ಟೋ ಹೊತ್ತು ಇರುತ್ತದೆ. ಕರಿಯಂಥ ಚಿಕ್ಕ ಟ್ರ್ಯಾಕಿನಲ್ಲಿ ಕೆಲವೇ ಸೆಕೆಂಡಿಗೆ ಮತ್ತೊಂದು ತಿರುವು. ಡಿಸ್ಕು ತಣಿಯಲು ಪುರುಸೊತ್ತೇ ಇಲ್ಲ.

ಎಸ್ಟೀಮ್ ಬಿಟ್ಟದ್ದು ಬೇರೆ ಬಗೆಯ ಸಂಕಟ. ಮೈಸೂರಿಗೆ ಹೋದಾಗ ಅಪ್ಪ ಆಗಲೇ ಅದನ್ನು ತೊಳೆಸಿ ನಿಲ್ಲಿಸಿದ್ದರು. ಹರೆಯದಲ್ಲಿ ಅವರು ಗೆಳೆಯರೊಂದಿಗೆ ರೈಲು ಹತ್ತಿ ಮದ್ರಾಸಿಗೆ ಹೋಗಿ, ಶೋಲಾವರಂನ ಹಳೆಯ ವಿಮಾನದ ಓಡುದಾರಿಯಲ್ಲಿ ನಡೆಯುತ್ತಿದ್ದ ರೇಸುಗಳನ್ನು ಬಿಸಿಲಲ್ಲಿ ನಿಂತು ನೋಡಿದವರು. ಸರ್ಕಾರಿ ನೌಕರಿ, ಮನೆ, ನಮ್ಮ ಓದು ಇವುಗಳ ನಡುವೆ ತಾವು ಟ್ರ್ಯಾಕಿಗೆ ಇಳಿಯುವ ಮಾತು ಬರಲೇ ಇಲ್ಲ. ಈಗ ಅವರ ಗಾಡಿಯಾದರೂ ಇಳಿಯಲಿ ಎಂಬ ಆಸೆ ಮುಖದಲ್ಲಿ ಕಾಣುತ್ತಿತ್ತು.

ಬನ್ನಿಮಂಟಪದ ಕಡೆ ಅವರ ಖಾಯಂ ಗ್ಯಾರೇಜಿಗೆ ಹೋದೆವು. ಹಿಂದೆ ರ‍್ಯಾಲಿ ತಂಡಗಳ ಜೊತೆ ಊರೂರು ಸುತ್ತಿ, ನಡುರಾತ್ರಿ ಟಾರ್ಚ್ ಬೆಳಕಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಏರಿಸಿದ ಸಾಹೇಬರು ಅಲ್ಲಿನ ಯಜಮಾನರು. ಗಾಡಿಯನ್ನು ಮೇಲೆತ್ತಿಸಿ, ಮುಂದಿನ ಚಕ್ರದ ಹಿಂದೆ ಕೈಹಾಕಿ ಬ್ರೇಕಿನ ರಬ್ಬರ್ ಪೈಪನ್ನು ಬಗ್ಗಿಸಿ ತೋರಿಸಿದರು. ಮೈಮೇಲೆ ಕೂದಲೆಳೆಯ ಬಿರುಕುಗಳು. "ಊರೊಳಗೆ ಇನ್ನೂ ಐದ್ ವರ್ಷ ಓಡ್ಸಿ ಸಾರ್, ಏನೂ ಆಗಲ್ಲ. ಟ್ರ್ಯಾಕಿಗೆ ಮಾತ್ರ ಹಿಂಗೇ ಕಳಿಸ್ಬೇಡಿ. ಪೈಪು, ಮಾಸ್ಟರ್ ಸಿಲಿಂಡರ್ ಕಿಟ್ಟು, ಬುಷ್ಷು, ಸೀಟ್ ಬೆಲ್ಟು ಎಲ್ಲ ನೋಡ್ಬೇಕು. ಅದೂ ಅಲ್ದೆ ಇದ್ರಲ್ಲಿ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಹೊಸಬ್ರು ಗಾಬರಿಲಿ ಬ್ರೇಕ್ ಒತ್ತೇ ಒತ್ತಾರೆ. ಚಕ್ರ ಕಚ್ಕೊಂಡ್ರೆ ಗಾಡಿ ಎತ್ಲಾಗ್ ಹೋಯ್ತದೆ ಅಂತ ಹೇಳಕ್ಕಾಗಲ್ಲ."

ರೇಸಿನ ಎಸ್ಟೀಮ್‌ಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಆದರೆ ರೋಲ್ ಕೇಜ್ ಇತ್ತು, ಹಿಡಿದು ಕಟ್ಟುವ ಬೆಲ್ಟುಗಳಿದ್ದವು, ಚಾಲಕನನ್ನು ಅಪ್ಪಿಕೊಳ್ಳುವ ಸೀಟಿತ್ತು. ಮನೆಯ ಎಸ್ಟೀಮ್‌ಗೆ ಅವು ಯಾವುವೂ ಇಲ್ಲ. ಹೆಸರೊಂದೇ ಎಂಬ ಕಾರಣಕ್ಕೆ ಗಾಡಿಯೂ ಅದೇ ಆಗುವುದಿಲ್ಲ. ಅಪ್ಪ ಸ್ವಲ್ಪ ಹೊತ್ತು ಆ ಪೈಪನ್ನೇ ನೋಡುತ್ತ ನಿಂತರು. ಆಮೇಲೆ, "ಗಾಡಿ ಬರ್ದಿದ್ರೆ ಬೇಡ. ನಾನು ಬರ್ತೀನಿ" ಎಂದರು.

ಹೀಗೆ ಉಳಿದದ್ದು ಸ್ವಿಫ್ಟ್. ಉಳಿದದ್ದು ಎನ್ನುವುದಕ್ಕಿಂತ, ಆ ಹೊತ್ತಿಗೆ ಅದೇ ಬೇಕು ಎಂದು ಮನಸ್ಸಿಗೆ ಬಂದಿತ್ತು. ಅದರ ಕ್ಲಚ್ಚು ಎಲ್ಲಿ ಹಿಡಿಯುತ್ತದೆ, ಮೂರನೇ ಗೇರಿನಲ್ಲಿ ಎಂಜಿನ್ ಯಾವ ದನಿಗೆ ದಣಿಯುತ್ತದೆ, ಡ್ಯಾಶ್‌ಬೋರ್ಡಿನ ಯಾವ ಮೂಲೆ ಕಿರಕಿರ ಅನ್ನುತ್ತದೆ ಎಲ್ಲ ನನಗೆ ಗೊತ್ತು. ಗೊತ್ತಿರುವ ಸದ್ದುಗಳ ನಡುವೆ ಹೊಸ ಸದ್ದೊಂದು ಬಂದರೆ ತಕ್ಷಣ ಕಿವಿಗೆ ಬೀಳುತ್ತದೆ.

ಸಿದ್ಧತೆ ದೊಡ್ಡದೇನಲ್ಲ. ಎಲ್ಲಕ್ಕಿಂತ ಮೊದಲು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ಎಂಬ ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಪೆಡಲ್ ನೆಲಕ್ಕೆ ಹೋದರೂ ಗಾಡಿ ನಿಲ್ಲುವುದಿಲ್ಲ. ಹಳೆಯದನ್ನೆಲ್ಲ ಹೊರಹಾಕಿಸಿ ಹೊಸದು ತುಂಬಿಸಿದೆ. ಪ್ಯಾಡುಗಳು ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು. ಟೈರು ಹೊಸದು ಹಾಕಿಸಲೇ ಎಂದು ಕೇಳಿದ್ದಕ್ಕೆ ತರಬೇತಿಯವರು ಬೇಡವೆಂದರು. ಹೊಸ ಟೈರಿನ ಎತ್ತರದ ಬಟನ್‌ಗಳು ಬಿಸಿಯಲ್ಲಿ ಅಲುಗಾಡಿ ಬೇಗ ಹಾಳಾಗುತ್ತವಂತೆ. ಸ್ವಲ್ಪ ಸವೆದ, ಬಿರುಕಿಲ್ಲದ ಟೈರೇ ವಾಸಿ. ಅಷ್ಟೇ. ಇಂಥ ಸಣ್ಣ ವಿಷಯಗಳಿಗೆ ಖರ್ಚು ಮಾಡುವ ಬದಲು ದೊಡ್ಡ ಸದ್ದಿನ ಸೈಲೆನ್ಸರಿಗೆ ಹಣ ಸುರಿಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಹೊರಟೆವು. ಹೊಸೂರು, ಕೃಷ್ಣಗಿರಿ, ಧರ್ಮಪುರಿ. ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಭಾರದ ಲಾರಿಗಳ ಬ್ರೇಕ್ ಲೈನಿಂಗ್ ಸುಟ್ಟ ವಾಸನೆ ಗಾಜು ಏರಿಸಿದ್ದರೂ ಒಳಗೆ ಬರುತ್ತಿತ್ತು. ಎಷ್ಟೋ ಅಪಘಾತಗಳಾದ ಜಾಗ ಅದು. "ಈ ವಾಸ್ನೆ ನೆನಪಿಟ್ಕೋ" ಎಂದರು ಅಪ್ಪ. "ನಾಳೆ ನಿನ್ನ ಗಾಡಿಯಿಂದ ಬಂದ್ರೆ ಸುಮ್ನೆ ಒಳಗೆ ಬಂದ್ಬಿಡು."

ಚೆಟ್ಟಿಪಾಳ್ಯಂನಲ್ಲಿ ಗೇಟಿನ ಮೇಲಿನ ಹೆಸರು ಕಂಡು ಅಪ್ಪ ಗಾಡಿ ನಿಲ್ಲಿಸಲು ಹೇಳಿದರು. ಕೊಯಮತ್ತೂರಿನ ಎಸ್. ಕರಿವರ್ಧನ್ ಶೋಲಾವರಂನಲ್ಲಿ ಓಡಿಸುವುದನ್ನು ಅವರು ಕಣ್ಣಾರೆ ನೋಡಿದ್ದರು. ಜವಳಿ ಗಿರಣಿಗಳ ಮನೆತನದ ಆ ಮನುಷ್ಯ ಗೆಲ್ಲುವುದರಲ್ಲೇ ತೃಪ್ತಿಪಡಲಿಲ್ಲ. ಹೊರದೇಶದ ರೇಸ್ ಕಾರು ತರಿಸುವ ಶಕ್ತಿ ಇಲ್ಲದ ಹುಡುಗರೂ ಓಡಿಸುವಂತಾಗಲಿ ಎಂದು, ಮಾರುತಿ 800ರ 796 ಸಿಸಿ ಎಂಜಿನ್ ಕೂರಿಸಿ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. 1988ರಲ್ಲಿ ಬಂದ ಆ ಫಾರ್ಮುಲಾ ಮಾರುತಿಯಲ್ಲೇ ನಾರಾಯಣ್ ಕಾರ್ತಿಕೇಯನ್ ಶುರುಮಾಡಿದ್ದು; 2005ರಲ್ಲಿ ಜೋರ್ಡನ್ ತಂಡದಿಂದ ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯ ಅವರು. ಅದನ್ನು ನೋಡಲು ಕರಿವರ್ಧನ್ ಇರಲಿಲ್ಲ. 1995ರಲ್ಲಿ ಹಗುರ ವಿಮಾನವೊಂದರ ಅಪಘಾತದಲ್ಲಿ ತೀರಿಕೊಂಡಿದ್ದರು. ಟ್ರ್ಯಾಕಿಗೆ ಇರುವುದು ಅವರ ಹೆಸರು. ಗ್ಯಾರೇಜಿನ ಸಾಲಿನಲ್ಲಿ ಎಲ್‌ಜಿಬಿ ಫಾರ್ಮುಲಾ ಕಾರುಗಳು ನಿಂತಿದ್ದವು. ಅವುಗಳ ಎಂಜಿನ್ ಸ್ವಿಫ್ಟ್‌ನದು ಎಂದು ಯಾರೋ ಹೇಳಿದಾಗ ಅಪ್ಪ ನಮ್ಮ ಗಾಡಿಯ ಬಾನೆಟ್ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದರು.

ಶನಿವಾರ ಬೆಳಿಗ್ಗೆ ಡಿಕ್ಕಿಯಿಂದ ಸ್ಟೆಪ್ನಿ, ಜಾಕು, ಕಾಲೊರೆಸುವ ಮ್ಯಾಟು, ನೀರಿನ ಬಾಟಲಿ ಎಲ್ಲ ಇಳಿಸಿದೆವು. ಬ್ರೇಕ್ ಪೆಡಲಿನ ಕೆಳಗೆ ಒಂದು ಬಾಟಲಿ ಉರುಳಿದರೆ ಸಾಕು ಅನಾಹುತಕ್ಕೆ. ಚಕ್ರದ ನಟ್ಟುಗಳನ್ನು ಬಿಗಿ ನೋಡಿದರು. ನನ್ನ ಪಕ್ಕ ಕೂತ ಗುರುಗಳು ಬೆಂಗಳೂರಿನಲ್ಲಿ ಕೆಲವು ಕಾಲ ಇದ್ದವರು, ತಮಿಳು ಬೆರೆತ ಕನ್ನಡ ಚೆನ್ನಾಗಿ ಬರುತ್ತಿತ್ತು. ಮೊದಲ ಸುತ್ತುಗಳಲ್ಲಿ ವೇಗವೇ ಬೇಡವೆಂದರು. ತಿರುವಿನ ಹೊರ ಅಂಚಿನಿಂದ ಹೊಕ್ಕು, ಒಳ ಅಂಚಿಗೆ ತಾಗಿ, ಮತ್ತೆ ಹೊರ ಅಂಚಿಗೆ ಹರಿಯುವುದು. ಬ್ರೇಕೆಲ್ಲ ನೇರ ದಾರಿಯಲ್ಲೇ ಮುಗಿಯಬೇಕು. ಕಣ್ಣು ಇರುವ ತಿರುವಿನಲ್ಲಲ್ಲ, ಬರುವ ತಿರುವಿನಲ್ಲಿ.

ವೇಗ ಹೆಚ್ಚಿಸಿದಾಗ ಮುಂದಿನ ಟೈರುಗಳು ಕಿರುಚತೊಡಗಿದವು. ಸ್ಟೇರಿಂಗ್ ಹಗುರಾಗಿ, ಗಾಡಿ ತಿರುಗದೆ ಹೊರಕ್ಕೆ ಜಾರುತ್ತಿತ್ತು. ಮುಂದಿನ ಚಕ್ರ ಎಳೆಯುವ ಗಾಡಿಗಳ ಸ್ವಭಾವ ಅದು. ಇನ್ನಷ್ಟು ತಿರುಗಿಸಬೇಕೆಂದು ಕೈ ಹೇಳುತ್ತದೆ. ಗುರುಗಳು ನನ್ನ ಮೊಣಕೈ ಮುಟ್ಟಿ, "ಕೈ ಅಲ್ಲ, ಕಾಲು" ಎಂದರು. ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಮುಂಭಾಗಕ್ಕೆ ತೂಕ ಬಂದು ಟೈರು ನೆಲ ಕಚ್ಚಿತು, ಮೂತಿ ಒಳಕ್ಕೆ ಹೊರಳಿತು. ಆ ಕ್ಷಣದ ಸಂತೋಷವನ್ನು ಹೇಗೆ ಹೇಳಲಿ! ವರ್ಷಗಟ್ಟಲೆ ಓಡಿಸಿದ ಗಾಡಿಗೆ ನಾಲ್ಕು ಚಕ್ರಗಳಿವೆ, ಒಂದೊಂದರ ಮೇಲೂ ಬೇರೆಬೇರೆ ತೂಕವಿದೆ ಎಂದು ಮೈಗೆ ತಿಳಿದದ್ದು ಅಂದು. 230 ಅಶ್ವಶಕ್ತಿಯ ಗಾಡಿಯಲ್ಲೂ ಇದು ತಿಳಿಯುತ್ತಿತ್ತೇನೋ. ಆದರೆ ಅಲ್ಲಿ ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಮುಂದಿನ ನೇರದಲ್ಲಿ ಎಂಜಿನ್ ಮರಳಿಸಿಬಿಡುತ್ತದೆ, ಕಳೆದುಕೊಂಡದ್ದೇ ಗೊತ್ತಾಗುವುದಿಲ್ಲ. ಸ್ವಿಫ್ಟ್‌ನಲ್ಲಿ ತಿರುವಿನಿಂದ ಐದು ಕಿಲೋಮೀಟರ್ ಕಡಿಮೆ ವೇಗದಲ್ಲಿ ಹೊರಬಿದ್ದರೆ ಇಡೀ ನೇರದಾರಿ ಅದನ್ನು ನೆನಪಿಸುತ್ತಿತ್ತು.

ಎಲ್ಲ ಟ್ರ್ಯಾಕಿಗೂ ಸಣ್ಣ ಗಾಡಿಯೇ ಸರಿಯೆಂದು ನಾನು ವಾದಿಸುವುದಿಲ್ಲ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ಸುತ್ತಿಗೆ 5.1 ಕಿಲೋಮೀಟರ್, ಅದರ ಹಿಂದಿನ ನೇರವೇ ಕಿಲೋಮೀಟರ್ ಮೀರುತ್ತದೆ. ಅಷ್ಟು ಉದ್ದದಲ್ಲಿ 1.2 ಲೀಟರಿನ ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ಓಡಿಸುವವನಿಗೆ ಮಾಡಲು ಕೆಲಸವಿರುವುದಿಲ್ಲ. ಕರಿಯಲ್ಲಿ ಹಾಗಲ್ಲ. ಒಂದು ತಿರುವಿನ ಬಗ್ಗೆ ಯೋಚಿಸಿ ಮುಗಿಸುವ ಮೊದಲೇ ಇನ್ನೊಂದು ಬಂದಿರುತ್ತದೆ.

ನಮ್ಮ ಗುಂಪಿನ ಗೆಳೆಯನೊಬ್ಬ ದೊಡ್ಡ ದುಬಾರಿ ಸೆಡಾನ್ ತಂದಿದ್ದ. ಒಳ್ಳೆಯ ಚಾಲಕ. ಎರಡನೇ ಸರದಿಯ ಹೊತ್ತಿಗೆ ಅವನ ಮುಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು, ಪೆಡಲ್ ಉದ್ದವಾಗಿತ್ತು. ತಣಿಯಲೆಂದು ಬಾನೆಟ್ ತೆರೆದು ನಿಲ್ಲಿಸಿ, ಮಧ್ಯಾಹ್ನವೆಲ್ಲ ಪಿಟ್ ಗೋಡೆಯ ಮೇಲೆ ಕೂತ. ಸಂಜೆ ನಾನು ಅವನನ್ನು ಸ್ವಿಫ್ಟ್‌ನಲ್ಲಿ ಓಡಿಸಲು ಕರೆದೆ. ಇಳಿದವನು ತನ್ನ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ನಾಳೆಯೂ ಇದರಲ್ಲೇ ಸರದಿ ಹಂಚಿಕೊಳ್ಳೋಣವೇ ಎಂದು ಕೇಳಿದ. ಹಂಚಿಕೊಂಡೆವು. ನಡುವೆ ಒಂದು ನಿಧಾನದ ಸುತ್ತು ಹೊಡೆದು ತಣಿಸುವುದು, ಒಳಗೆ ಬಂದ ಮೇಲೆ ಕಾದ ಡಿಸ್ಕಿಗೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸುವುದು, ಬಿಸಿಗೆ ಏರಿದ ಟೈರಿನ ಗಾಳಿಯನ್ನು ಒಂದೆರಡು ಅಂಕ ಇಳಿಸುವುದು ಇಷ್ಟನ್ನು ಪಾಲಿಸಿದ್ದರಿಂದ ಗಾಡಿ ಇಬ್ಬರನ್ನೂ ತಾಳಿಕೊಂಡಿತು.

ಭಾನುವಾರ ಅಪ್ಪ ನೆರಳು ಬಿಟ್ಟು, ಮುಖ್ಯ ನೇರದಾರಿ ಮುಗಿಯುವ ಕಡೆ ಕಾಣುವಂತೆ ಟೋಪಿ ಹಾಕಿಕೊಂಡು ನಿಂತಿದ್ದರು. ಅವರು ನೋಡುತ್ತಿದ್ದದ್ದು ವೇಗವನ್ನಲ್ಲ, ನಮ್ಮ ಗಾಡಿಯ ಹಿಂದಿನ ಬ್ರೇಕ್ ದೀಪ ಯಾವ ಕೋನಿನ ಹತ್ತಿರ ಹೊತ್ತಿಕೊಳ್ಳುತ್ತದೆ ಎಂಬುದನ್ನು. ನನ್ನದು ಎಲ್ಲಿ, ಗೆಳೆಯನದು ಎಲ್ಲಿ, ಗುರುಗಳು ಓಡಿಸಿ ತೋರಿಸಿದಾಗ ಎಲ್ಲಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದರು.

ವಾಪಸ್ ಬರುವಾಗ ಪೆರುಂದುರೈ ದಾಟಿದ ಮೇಲೆ ಚೀಟಿ ಹೊರಬಂತು. ಗುರುಗಳು ಬ್ರೇಕ್ ಒತ್ತುತ್ತಿದ್ದ ಜಾಗಕ್ಕಿಂತ ನಾನು ತುಂಬ ಮೊದಲೇ ಒತ್ತುತ್ತಿದ್ದೇನೆ, ಇನ್ನೂ ಹತ್ತು ಮೀಟರ್ ಮುಂದೆ ಹೋಗಬಹುದಿತ್ತು ಎಂಬುದು ಅವರ ವಾದ. ಆ ಜಾಗದಲ್ಲಿ ರಸ್ತೆ ಸ್ವಲ್ಪ ಉಬ್ಬಿದೆ, ಟೈರಿನ ಹಿಡಿತ ಕಡಿಮೆ, ಐದು ಮೀಟರ್ ಆದರೆ ಒಪ್ಪುತ್ತೇನೆ ಎಂದೆ ನಾನು. "ಉಬ್ಬು ಅವ್ರಿಗೂ ಇತ್ತಲ್ಲ?" ಎಂದರು. ಅವರು ಇಪ್ಪತ್ತು ವರ್ಷ ಓಡಿಸಿದವರು ಅಂದೆ. ಸೇಲಂ ಬೈಪಾಸಿನಲ್ಲಿ ಕಾಫಿಗೆ ನಿಂತಾಗ ಅವರು ಎಂಟು ಮೀಟರಿಗೆ ಇಳಿದಿದ್ದರು, ನಾನು ಆರಕ್ಕೆ ಏರಿದ್ದೆ.